ಬೆಂಕಿಪುರದ ಇದ್ದಿಲು: ಸರ್ ಎಂ. ವಿಶ್ವೇಶ್ವರಯ್ಯನವರ ಬಾಳಿನ ಒಂದು ಅಧ್ಯಾಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳಿದೊಡನೆ ಕನ್ನಡಿಗರ ಕಣ್ಣೆದುರು ಕನ್ನಂಬಾಡಿಯ ಕಟ್ಟೆ ನಿಲ್ಲುತ್ತದೆ. ಕಾವೇರಿಯನ್ನು ತಡೆದು ನಿಲ್ಲಿಸಿದ ಆ ಸಾಹಸದ ಮುಂದೆ ಅವರ ಉಳಿದ ಕೆಲಸಗಳು ಮಸುಕಾಗಿ ಕಾಣುವುದು ಸಹಜ. ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಅವರನ್ನು ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ದಿವಾನರಾಗಿ, ಶಿಸ್ತಿನ ಮೂರ್ತಿಯಾಗಿ ಕಾಣುತ್ತಾರೆ. ಆದರೆ ಅವರ ಬಾಳಿನಲ್ಲಿ ಅಷ್ಟಾಗಿ ಮಾತಿಗೆ ಬಾರದ ಮತ್ತೊಂದು ಅಧ್ಯಾಯವಿದೆ. ಕಾಡಿನ ಕಟ್ಟಿಗೆಯನ್ನು ಇದ್ದಿಲಾಗಿ, ಮದ್ಯಸಾರವಾಗಿ, ಆಮ್ಲವಾಗಿ, ಡಾಂಬರಾಗಿ ಮಾರ್ಪಡಿಸಿ ಅದರ ಬಲದಿಂದ ಕಬ್ಬಿಣ ಕರಗಿಸಲು ಹೊರಟ ಅಧ್ಯಾಯ ಅದು. ಸಸ್ಯಜನ್ಯ ವಸ್ತುಗಳಿಂದ ಇಂಧನವನ್ನೂ ರಾಸಾಯನಿಕಗಳನ್ನೂ ಪಡೆಯುವ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಆ ಪ್ರಯತ್ನವನ್ನು ಬೃಹತ್ ಪ್ರಮಾಣದಲ್ಲಿ ಕೈಗೊಂಡು, ಅದರ ಲಾಭನಷ್ಟಗಳೆರಡನ್ನೂ ಕಂಡ ನಾಡು ಕನ್ನಡನಾಡು. ಅದರ ಹೊಣೆಯನ್ನು ಹೆಗಲಿಗೇರಿಸಿಕೊಂಡವರು ವಿಶ್ವೇಶ್ವರಯ್ಯನವರು.

1860ರ ದಶಕದ ಆರಂಭದಲ್ಲಿ, ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಅವರ ಜನನವಾಯಿತು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ತಾಯಿ ವೆಂಕಟಲಕ್ಷ್ಮಮ್ಮ. ಮನೆತನದ ಮೂಲ ತೆಲುಗು ನಾಡಿನ ಮೋಕ್ಷಗುಂಡಂ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿಗೆ ಬಂದು, ಸ್ಥಿತಿವಂತರ ಮನೆಯ ಮಕ್ಕಳಿಗೆ ಪಾಠ ಹೇಳಿ ತನ್ನ ಓದಿನ ಖರ್ಚನ್ನು ತಾನೇ ತೂಗಿಸಿಕೊಂಡ. ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಮುಗಿದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯ ಸೈನ್ಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡುವಂತಾಯಿತು. 1883ರಲ್ಲಿ ಮುಂಬಯಿ ಪ್ರಾಂತಕ್ಕೇ ಮೊದಲಿಗರಾಗಿ ಅವರು ತೇರ್ಗಡೆಯಾದರು. ಮನೆತನದ ಮೂಲ ತೆಲುಗು, ಬೆಳೆದದ್ದು ಕನ್ನಡದ ನೆಲದಲ್ಲಿ, ಕಸುಬು ಕಲಿತದ್ದು ಮರಾಠಿ ನಾಡಿನಲ್ಲಿ. ಉಮರ್ಗಾ, ನಿಲಂಗಾ, ಉದಗೀರಗಳ ಮನೆಗಳಲ್ಲಿ ಎರಡು ಮೂರು ಭಾಷೆಗಳು ಕೂಡಿ ಬಾಳುವಂತೆಯೇ ಅವರ ಬಾಳಿನಲ್ಲಿಯೂ ಇವು ಕೂಡಿಕೊಂಡವು.

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿದ ವಿಶ್ವೇಶ್ವರಯ್ಯನವರಿಗೆ ಮೊದಲು ನಾಸಿಕ, ಆಮೇಲೆ ಖಾನದೇಶದ ಧುಳೆ, ಮುಂದೆ ಸಿಂಧ್ ಪ್ರಾಂತದ ಸಕ್ಕರ್ ಕಾರ್ಯಕ್ಷೇತ್ರಗಳಾದವು. ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅವರು ಅಳವಡಿಸಿದರು. ಆದರೆ ಬರಗಾಲದ ನಾಡಿನ ಓದುಗರು ಹೆಚ್ಚು ಗಮನಿಸಬೇಕಾದದ್ದು ಅವರ ನೀರಾವರಿಯ ‘ಬ್ಲಾಕ್ ಪದ್ಧತಿ’ಯನ್ನು.

ದಖ್ಖನ್ನಿನ ಕಾಲುವೆಗಳ ನೀರು ಆಗ ಕೆಲವೇ ಹಳ್ಳಿಗಳ ಕಬ್ಬಿನ ಗದ್ದೆಗಳಿಗೆ ಹರಿದುಹೋಗುತ್ತಿತ್ತು. ವರ್ಷವಿಡೀ ನೀರು ಬೇಡುವ ಆ ಬೆಳೆ ಕಾಲುವೆಯ ತಲೆಯಲ್ಲಿದ್ದವರ ಕೈವಶವಾಗಿ, ಕೆಳಗಿನ ಊರುಗಳು ಒಣಗಿ ನಿಲ್ಲುತ್ತಿದ್ದವು. ಸಾಲದೆಂಬಂತೆ ಅತಿಯಾದ ನೀರಿನಿಂದ ಮೇಲಿನ ಗದ್ದೆಗಳು ಜೌಗಾಗುತ್ತಿದ್ದವು. 1899ರ ಸುಮಾರಿಗೆ ವಿಶ್ವೇಶ್ವರಯ್ಯನವರು ಅಚ್ಚುಕಟ್ಟನ್ನು ಬ್ಲಾಕುಗಳಾಗಿ ಹಂಚಿ, ಪ್ರತಿ ಬ್ಲಾಕಿನಲ್ಲಿಯೂ ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದ ಭಾಗಗಳಿಗೆ ಭತ್ತ ಮತ್ತು ಕಡಿಮೆ ನೀರಿನ ಬೆಳೆಗಳು ಎಂಬ ಸರದಿಯನ್ನು ಗೊತ್ತುಮಾಡಿದರು. ಅಷ್ಟೇ ನೀರು ಹೆಚ್ಚು ಊರುಗಳಿಗೆ ಹಂಚಿಹೋಗಬೇಕೆಂಬುದು ಅದರ ಆಶಯ. ಮೊದಮೊದಲು ಕಬ್ಬು ಬೆಳೆಗಾರರಿಂದ ವಿರೋಧ ಬಂದಿತು, ಪತ್ರಿಕೆಗಳಲ್ಲಿ ಟೀಕೆಗಳಾದವು. ಅವರು ರೈತರ ಸಭೆ ಕರೆದು ಲೆಕ್ಕವನ್ನು ಬಿಡಿಸಿಟ್ಟರು. ಒಂದು ಬೆಳೆಯ ಲಾಭವನ್ನು ಎಣಿಸುವಾಗ ಅದು ಕುಡಿದ ನೀರನ್ನೂ ಎಣಿಸಬೇಕೆಂಬ ಈ ವಿವೇಕ, ಕಬ್ಬಿನಿಂದ ಇಂಧನ ತೆಗೆಯುವ ಇಂದಿನ ಕಾಲಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ.

1898ರಲ್ಲಿ ಅವರು ಜಪಾನಿಗೆ ಹೋಗಿಬಂದರು. ಕಬ್ಬಿಣದ ದೊಡ್ಡ ಸಂಪತ್ತಿಲ್ಲದ ಆ ದ್ವೀಪರಾಷ್ಟ್ರ ಶಿಕ್ಷಣ ಮತ್ತು ಕೈಗಾರಿಕೆಗಳ ಬಲದಿಂದ ಒಂದೇ ತಲೆಮಾರಿನಲ್ಲಿ ಮೇಲೆದ್ದುದನ್ನು ಕಣ್ಣಾರೆ ಕಂಡರು. ಇರುವ ವಸ್ತುವಿನಿಂದಲೇ ಇಲ್ಲದ ವಸ್ತುವಿನ ಕೊರತೆಯನ್ನು ನೀಗಿಸಿಕೊಳ್ಳಬಹುದೆಂಬ ನಂಬಿಕೆ ಅವರಲ್ಲಿ ಬೇರೂರಿತು.

ಮುಂಬಯಿ ಸರ್ಕಾರದ ಸೇವೆಯಿಂದ ಹೊರಬಂದು ಅವರು ವಿದೇಶ ಪ್ರವಾಸದಲ್ಲಿದ್ದಾಗ, 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ನಗರವನ್ನು ಮುಳುಗಿಸಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಬರಮಾಡಿಕೊಂಡಿತು. 1909ರಲ್ಲಿ ಅವರು ನದಿಯ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ನೆರೆಯನ್ನು ತಡೆಯುವ ಯೋಜನೆಯನ್ನು ಸಿದ್ಧಪಡಿಸಿದರು. ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹುಟ್ಟಿಕೊಂಡದ್ದು ಆ ಯೋಜನೆಯಿಂದ. ಅಂದು ಉದಗೀರ ಮತ್ತು ನಿಲಂಗಾ ಬೀದರ ಜಿಲ್ಲೆಗೆ ಸೇರಿದ್ದವು. ಉಮರ್ಗಾ ಸಹ ನಿಜಾಮರ ಆಳ್ವಿಕೆಯಲ್ಲಿಯೇ ಇತ್ತು. ಹೀಗೆ ಈ ಗಡಿನಾಡಿನ ಹಿರಿಯರು ಯಾವ ಸಂಸ್ಥಾನದ ಪ್ರಜೆಗಳಾಗಿದ್ದರೋ ಆ ಸಂಸ್ಥಾನದ ರಾಜಧಾನಿಯನ್ನು ನೆರೆಯಿಂದ ಕಾಯುವ ಉಪಾಯವನ್ನು ಕನ್ನಡಿಗನೊಬ್ಬ ಹೇಳಿಕೊಟ್ಟಂತಾಯಿತು.

ಅದೇ ವರ್ಷದ ಕೊನೆಯಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಮುಂದಿನ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕು, ಹೆಬ್ಬಾಳದ ಕೃಷಿ ಶಾಲೆ, ಮೈಸೂರು ವಿಶ್ವವಿದ್ಯಾನಿಲಯ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಒಂದರ ಹಿಂದೊಂದು ತಲೆಯೆತ್ತಿದವು. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಸ್ಥಾಪನೆಯಾದದ್ದೂ ಅವರ ದಿವಾನಗಿರಿಯ ಕಾಲದಲ್ಲಿಯೇ. ಆ ಪರಿಷತ್ತಿನ ಚಿಂತನೆ ಮೊಳೆತದ್ದು ಮೈಸೂರು ಸಂಪದಭ್ಯುದಯ ಸಮಾಜದ ಚರ್ಚೆಗಳಲ್ಲಿ ಎಂಬುದನ್ನು ಮರೆಯಲಾಗದು. ನಾಡಿನ ಭಾಷೆಯೂ ನಾಡಿನ ಕಸುಬೂ ಒಂದೇ ಸಭೆಯ ವಿಷಯಗಳಾಗಿದ್ದವು. ತಿಳಿವಳಿಕೆ ಕನ್ನಡದಲ್ಲಿ ಹರಡದೆ ಬೇಸಾಯವಾಗಲಿ ಕೈಗಾರಿಕೆಯಾಗಲಿ ಹಳ್ಳಿಗೆ ತಲುಪುವುದಿಲ್ಲವೆಂಬುದು ಅಂದಿನ ಚಿಂತಕರಿಗೆ ಸ್ಪಷ್ಟವಾಗಿತ್ತು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಮೈಸೂರಿಗೆ ತಟ್ಟಿದ ಮೊದಲ ಪೆಟ್ಟು ಗಂಧದ ಮರದ ಮೂಲಕ ಬಂದಿತು. ಅಲ್ಲಿಯವರೆಗೆ ಸಂಸ್ಥಾನದ ಶ್ರೀಗಂಧ ಹರಾಜಿನಲ್ಲಿ ಮಾರಾಟವಾಗಿ ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ವಿದ್ಯೆಯೂ ಅದರ ಲಾಭವೂ ಅಲ್ಲಿಯವರ ಪಾಲಾಗಿದ್ದವು. ಯುದ್ಧದಿಂದ ಹಡಗುಗಳು ನಿಂತು ಗಂಧ ಉಗ್ರಾಣದಲ್ಲಿ ರಾಶಿಬಿದ್ದಿತು. ಆಗ ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದ ಆಲ್‌ಫ್ರೆಡ್ ಚಾಟರ್‌ಟನ್ ಅವರ ಮುತುವರ್ಜಿಯಿಂದಲೂ, ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಅವರ ಪ್ರಯೋಗಗಳಿಂದಲೂ ಆವಿಯ ಮೂಲಕ ಗಂಧದೆಣ್ಣೆಯನ್ನು ಬಟ್ಟಿ ಇಳಿಸುವ ಕ್ರಮ ಸಿದ್ಧವಾಯಿತು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆಗಳು ಕೆಲಸ ಆರಂಭಿಸಿದವು. ಸಾಬೂನಿನ ತಯಾರಿಕೆಯನ್ನು ಕಲಿತುಬರಲು ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಇಂದಿಗೂ ಮನೆಮನೆಯಲ್ಲಿರುವ ಮೈಸೂರು ಸ್ಯಾಂಡಲ್ ಸೋಪಿನ ಹಿಂದೆ ಇರುವುದು ಈ ಕಥೆ. ಮರವನ್ನು ಮರವಾಗಿಯೇ ಮಾರಿದರೆ ಬರುವ ಹಣಕ್ಕೂ, ಅದರ ಸಾರವನ್ನು ತೆಗೆದು ಮಾರಿದರೆ ಬರುವ ಹಣಕ್ಕೂ ಇರುವ ಅಂತರವನ್ನು ವಿಶ್ವೇಶ್ವರಯ್ಯನವರ ಸರ್ಕಾರ ಇಲ್ಲಿ ಕಂಡುಕೊಂಡಿತು.

ಗಂಧದ ಪ್ರಯೋಗಕ್ಕಿಂತ ಕಬ್ಬಿಣದ ಸವಾಲು ಎಷ್ಟೋ ದೊಡ್ಡದು. ಬಾಬಾಬುಡನ್ ಬೆಟ್ಟಗಳ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರು ಇತ್ತು, ಸುಣ್ಣಕಲ್ಲು ಇತ್ತು, ಭದ್ರಾ ನದಿಯ ನೀರು ಇತ್ತು. ಇಲ್ಲದಿದ್ದುದು ಕಲ್ಲಿದ್ದಲು ಒಂದೇ. ಅದು ದೊರೆಯುತ್ತಿದ್ದುದು ದೂರದ ಬಂಗಾಳ, ಬಿಹಾರಗಳ ಗಣಿಗಳಲ್ಲಿ. ಅಲ್ಲಿಂದ ರೈಲಿನಲ್ಲಿ ತರಿಸಿ ಕಬ್ಬಿಣ ಮಾಡಿದರೆ ಮಾರುಕಟ್ಟೆಯಲ್ಲಿ ನಿಲ್ಲುವಂತಿರಲಿಲ್ಲ. ಆದರೆ ಶಿವಮೊಗ್ಗ, ಕಡೂರು ಜಿಲ್ಲೆಗಳ ಮಲೆನಾಡಿನಲ್ಲಿ ಕಾಡು ದಟ್ಟವಾಗಿತ್ತು. ಟಾಟಾ ಉಕ್ಕಿನ ಕಾರ್ಖಾನೆಗೆ ಸಲಹೆಗಾರರಾಗಿದ್ದ ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಸಂಸ್ಥೆಯ ಸಲಹೆ ಪಡೆದು, ಕಲ್ಲಿದ್ದಲಿನ ಬದಲು ಇದ್ದಿಲಿನಿಂದಲೇ ಊದುಕುಲುಮೆಯನ್ನು ನಡೆಸುವ ಯೋಜನೆ ರೂಪುಗೊಂಡಿತು. ಭದ್ರಾ ನದಿಯ ದಂಡೆಯ ಬೆಂಕಿಪುರ ಎಂಬ ಊರನ್ನು ಅದಕ್ಕಾಗಿ ಆರಿಸಲಾಯಿತು. ಅದೇ ಇಂದಿನ ಭದ್ರಾವತಿ.

ಹಳೆಯ ಕಾಲದ ಕಮ್ಮಾರರೂ ಇದ್ದಿಲಿನಿಂದಲೇ ಕಬ್ಬಿಣ ಕರಗಿಸುತ್ತಿದ್ದರು. ಕಟ್ಟಿಗೆಯನ್ನು ಗುಂಡಿಯಲ್ಲಿ ಜೋಡಿಸಿ, ಮೇಲೆ ಮಣ್ಣು ಮುಚ್ಚಿ, ನಿಧಾನವಾಗಿ ಸುಡುವ ಅವರ ಕ್ರಮದಲ್ಲಿ ಇದ್ದಿಲು ಮಾತ್ರ ಉಳಿಯುತ್ತಿತ್ತು. ಉಳಿದದ್ದೆಲ್ಲ ಹೊಗೆಯಾಗಿ ಆಕಾಶ ಸೇರುತ್ತಿತ್ತು. ಭದ್ರಾವತಿಯ ಯೋಜನೆಯ ವೈಶಿಷ್ಟ್ಯವಿದ್ದುದು ಈ ಹೊಗೆಯನ್ನು ಹಿಡಿಯುವುದರಲ್ಲಿ. ಗಾಳಿ ಹೋಗದಂತೆ ಮುಚ್ಚಿದ ಉಕ್ಕಿನ ಕೋಣೆಗಳೊಳಗೆ ಕಟ್ಟಿಗೆಯನ್ನು ತುಂಬಿ ಹೊರಗಿನಿಂದ ಕಾಯಿಸಿದರೆ ಅದು ಉರಿಯುವುದಿಲ್ಲ, ಒಡೆಯುತ್ತದೆ. ಮೊದಲು ತೇವ ಆವಿಯಾಗಿ ಹೋಗುತ್ತದೆ. ಶಾಖ 300, 400 ಡಿಗ್ರಿ ಸೆಲ್ಸಿಯಸ್‌ನತ್ತ ಏರಿದಂತೆ ಕಟ್ಟಿಗೆಯ ನಾರು ಬಿಚ್ಚಿಕೊಂಡು ಅನಿಲಗಳೂ ಆವಿಗಳೂ ಹೊರಡುತ್ತವೆ. ಆವಿಯನ್ನು ತಣ್ಣೀರಿನ ಕೊಳವೆಗಳ ಮೂಲಕ ಹಾಯಿಸಿದರೆ ಕಂದುಬಣ್ಣದ ಹುಳಿ ದ್ರವವೊಂದು ಇಳಿಯುತ್ತದೆ. ತಣಿಯದ ಅನಿಲವನ್ನು ಮತ್ತೆ ಒಲೆಗೆ ಹಾಯಿಸಿ ಅದೇ ಕೋಣೆಗಳನ್ನು ಕಾಯಿಸಲು ಬಳಸಬಹುದು. ಕೊನೆಗೆ ಒಳಗೆ ಉಳಿಯುವುದು ಇದ್ದಿಲು.

ಆ ಹುಳಿ ದ್ರವದಲ್ಲಿ ಇರುವುದು ಮುಖ್ಯವಾಗಿ ಅಸಿಟಿಕ್ ಆಮ್ಲ, ಕಟ್ಟಿಗೆಯ ಮದ್ಯಸಾರವೆನಿಸಿದ ಮೀಥೈಲ್ ಆಲ್ಕೊಹಾಲ್, ಅಲ್ಪಸ್ವಲ್ಪ ಅಸಿಟೋನ್ ಮತ್ತು ಡಾಂಬರು. ಡಾಂಬರನ್ನು ಬೇರ್ಪಡಿಸಿ, ಸುಣ್ಣ ಬೆರೆಸಿದರೆ ಆಮ್ಲವು ಅಸಿಟೇಟ್ ಸುಣ್ಣವಾಗಿ ನಿಲ್ಲುತ್ತದೆ. ಮದ್ಯಸಾರವನ್ನು ಪ್ರತ್ಯೇಕವಾಗಿ ಬಟ್ಟಿ ಇಳಿಸಬಹುದು. ನೂರು ಮಣ ಒಣಕಟ್ಟಿಗೆಯಿಂದ ಸುಮಾರು ಮೂವತ್ತು ಮಣ ಇದ್ದಿಲು ಬಂದರೆ, ಮದ್ಯಸಾರ ದೊರೆಯುವುದು ಒಂದೆರಡು ಮಣ ಮಾತ್ರ. ಆದರೂ ಅಂದು ಆ ಒಂದೆರಡು ಮಣಕ್ಕೆ ಬೆಲೆಯಿತ್ತು. ಬಣ್ಣ, ಮೆರುಗೆಣ್ಣೆ, ಔಷಧಗಳ ತಯಾರಿಕೆಗೆ ಮೀಥೈಲ್ ಆಲ್ಕೊಹಾಲ್ ಬೇಕಿತ್ತು. ಅಸಿಟೇಟ್ ಸುಣ್ಣದಿಂದ ಪಡೆಯುವ ಅಸಿಟೋನ್ ಇಲ್ಲದೆ ಯುದ್ಧದ ಮದ್ದುಗುಂಡು ತಯಾರಾಗುತ್ತಿರಲಿಲ್ಲ. ಇದ್ದಿಲಿನಲ್ಲಿ ಗಂಧಕದ ಅಂಶ ತೀರ ಕಡಿಮೆಯಾದ್ದರಿಂದ ಅದರಿಂದ ಕರಗಿಸಿದ ಬೀಡುಕಬ್ಬಿಣವೂ ಉತ್ತಮ ಗುಣದ್ದಾಗುತ್ತದೆ. ಉಪೋತ್ಪನ್ನಗಳ ಆದಾಯ ಇದ್ದಿಲಿನ ಖರ್ಚನ್ನು ಇಳಿಸುತ್ತದೆ, ಅಗ್ಗದ ಇದ್ದಿಲು ಕಬ್ಬಿಣವನ್ನು ಉಳಿಸುತ್ತದೆ ಎಂಬುದು ಯೋಜನೆಯ ಲೆಕ್ಕ. ಕಾಗದದ ಮೇಲೆ ಅದರಲ್ಲಿ ತಪ್ಪಿರಲಿಲ್ಲ.

ಆದರೆ ಕಾರ್ಖಾನೆ ಮೇಲೇಳುವ ಮೊದಲೇ ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ನಿರ್ಗಮಿಸಿದರು. ಸರ್ಕಾರಿ ಉದ್ಯೋಗಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ಕೊಡುವ ವಿಷಯವನ್ನು ಪರಿಶೀಲಿಸಲು ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದ್ದರು. ನೇಮಕಗಳಿಗೆ ಅರ್ಹತೆಯೊಂದೇ ಅಳತೆಗೋಲಾಗಬೇಕು, ಹಿಂದುಳಿದವರನ್ನು ಶಿಕ್ಷಣದಿಂದ ಮೇಲೆತ್ತಬೇಕು ಎಂಬುದು ದಿವಾನರ ನಿಲುವು. ಆಡಳಿತದ ಬಾಗಿಲು ತೆರೆಯದೆ ಶಿಕ್ಷಣ ಮಾತ್ರದಿಂದ ನ್ಯಾಯ ದೊರಕದೆಂಬುದು ನಾಡಿನ ಬಹುಜನರ ಕೂಗು. ಮಹಾರಾಜರ ಒಲವೂ ಆ ಕಡೆಗೇ ಇತ್ತು. ಭಿನ್ನಾಭಿಪ್ರಾಯ ಮುರಿಯುವ ಹಂತಕ್ಕೆ ಬಂದು ವರ್ಷದ ಕೊನೆಯಲ್ಲಿ ಅವರು ಅಧಿಕಾರವನ್ನು ಬಿಟ್ಟರು. ಮೈಸೂರು ತನ್ನ ದಾರಿಯಲ್ಲಿ ನಡೆಯಿತು. ಮೀಸಲಾತಿಯ ಇತಿಹಾಸದಲ್ಲಿ ಆ ಸಮಿತಿಯ ಹೆಸರು ಗೌರವದಿಂದ ಉಳಿಯಿತು. ವಿಶ್ವೇಶ್ವರಯ್ಯನವರ ದೊಡ್ಡತನವನ್ನು ಹೇಳುವವರು ಈ ಪ್ರಸಂಗವನ್ನು ಬಿಟ್ಟು ಹೇಳಿದರೆ ಚಿತ್ರ ಪೂರ್ಣವಾಗುವುದಿಲ್ಲ.

1923ರ ಜನವರಿ 18ರಂದು ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಕೆಮ್ಮಣ್ಣುಗುಂಡಿಯಿಂದ ಹಗ್ಗದ ದಾರಿಯಲ್ಲಿ ಅದಿರು ಇಳಿಯಿತು. ಕಾಡಿನೊಳಗೆ ಹಾಸಿದ ಟ್ರಾಮ್ ಹಳಿಗಳ ಮೇಲೆ ಕಟ್ಟಿಗೆ ಬಂದಿತು. ಆದರೆ ಗಳಿಗೆ ಒಳ್ಳೆಯದಾಗಿರಲಿಲ್ಲ. ಯುದ್ಧಕಾಲದಲ್ಲಿ ಏರಿದ್ದ ಕಬ್ಬಿಣದ ಬೆಲೆ ಕುಸಿದಿತ್ತು. ಅಂದಾಜಿಗಿಂತ ಬಂಡವಾಳ ಹೆಚ್ಚು ತಗುಲಿತ್ತು. ಯುದ್ಧ ಮುಗಿದ ಮೇಲೆ ಅಸಿಟೋನಿನ ಬೇಡಿಕೆಯೂ ಇಳಿದಿತ್ತು. ಮೇಲಾಗಿ ಮ್ಯಾಂಚೆಸ್ಟರಿನಲ್ಲಿ ಕೆಲಸ ಮಾಡುತ್ತಿದ್ದ ಕೈಮ್ ವೈಜ್‌ಮನ್ ಎಂಬ ರಸಾಯನಶಾಸ್ತ್ರಜ್ಞ ಮೆಕ್ಕೆಜೋಳದ ಪಿಷ್ಟವನ್ನು ಸೂಕ್ಷ್ಮಾಣುಗಳಿಂದ ಹುದುಗಿಸಿ ಅಸಿಟೋನ್ ಪಡೆಯುವ ಮಾರ್ಗವನ್ನು ತೋರಿಸಿಕೊಟ್ಟಿದ್ದ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಜರ್ಮನಿಯಿಂದ ಬಂದಿತು. ಅದೇ 1923ರಲ್ಲಿ ಬಿ.ಎ.ಎಸ್.ಎಫ್. ಕಂಪನಿ ಕಲ್ಲಿದ್ದಲಿನಿಂದ ಪಡೆದ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕಗಳನ್ನು ಭಾರಿ ಒತ್ತಡದಲ್ಲಿ ಕೂಡಿಸಿ ಮೀಥೈಲ್ ಆಲ್ಕೊಹಾಲನ್ನು ಕೃತಕವಾಗಿ ತಯಾರಿಸತೊಡಗಿತು. ಕಟ್ಟಿಗೆಯಿಂದ ಹನಿಹನಿಯಾಗಿ ಇಳಿಯುತ್ತಿದ್ದ ವಸ್ತು ಅಲ್ಲಿ ಟನ್ನುಗಟ್ಟಲೆ ಹರಿಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಜಗತ್ತಿನಾದ್ಯಂತ ಕಟ್ಟಿಗೆ ಬಟ್ಟಿ ಇಳಿಸುವ ಉದ್ಯಮ ಸೊರಗಿತು. ಭದ್ರಾವತಿಯ ಲೆಕ್ಕದ ಒಂದು ಕಂಬವನ್ನು ಯಾರೂ ಊಹಿಸದ ಕಡೆಯಿಂದ ಬಂದ ಗಾಳಿ ಅಲುಗಾಡಿಸಿತು.

ಕಾರ್ಖಾನೆಯನ್ನು ಮುಚ್ಚುವುದೇ ಲೇಸೆಂಬ ಮಾತು ಸಂಸ್ಥಾನದಲ್ಲಿ ಕೇಳಿಬಂದಿತು. ಪ್ರಜೆಗಳ ತೆರಿಗೆಯ ಹಣ ಒಬ್ಬರ ಕನಸಿಗೆ ಕರಗಿಹೋಯಿತೆಂಬ ಆರೋಪ ವಿಶ್ವೇಶ್ವರಯ್ಯನವರ ಕಡೆಗೇ ತಿರುಗಿತು. ಅವರು ಆಗ ಅರವತ್ತು ದಾಟಿದವರು. ಯಾವ ಅಧಿಕಾರದಲ್ಲಿಯೂ ಇರಲಿಲ್ಲ. ದೂರ ನಿಂತು ನೋಡಿದ್ದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ಆದರೆ ಸರ್ಕಾರ ಕೇಳಿಕೊಂಡಾಗ, 1923ರಲ್ಲಿ, ಅವರು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ಒಪ್ಪಿಕೊಂಡರು. ತಾವು ಯೋಜಿಸಿದ ಕೆಲಸ ಸೋಲುವ ಸ್ಥಿತಿಯಲ್ಲಿದ್ದಾಗ ಅದನ್ನು ತಾವೇ ಹೊತ್ತುಕೊಂಡದ್ದು ಅವರ ಸ್ವಭಾವವನ್ನು ತಿಳಿಸುತ್ತದೆ.

1929ರವರೆಗೆ ಆರು ವರ್ಷ ಅವರು ಆ ಹೊಣೆಯನ್ನು ನಿರ್ವಹಿಸಿದರು. ಅವರ ಉಪಾಯಗಳಲ್ಲಿ ಪವಾಡವೇನೂ ಇರಲಿಲ್ಲ. ಪ್ರತಿಯೊಂದು ವಿಭಾಗದ ಖರ್ಚನ್ನೂ ಬೇರೆಬೇರೆಯಾಗಿ ಬರೆದಿಡಿಸಿದರು. ದುಬಾರಿ ಸಂಬಳದ ಹೊರದೇಶದ ತಜ್ಞರ ಜಾಗಗಳಿಗೆ ನಾಡಿನ ತರುಣರನ್ನೇ ತರಬೇತಿ ಕೊಟ್ಟು ತಂದರು. ಬೀಡುಕಬ್ಬಿಣವನ್ನು ಗಟ್ಟಿಯಾಗಿಯೇ ಮಾರಿದರೆ ಬೆಲೆ ಬಾರದೆಂದು ಕಂಡು, ಅದರಿಂದ ಊರುಗಳ ನೀರು ಸರಬರಾಜಿಗೆ ಬೇಕಾಗುವ ಕೊಳವೆಗಳನ್ನು ಎರಕ ಹೊಯ್ಯುವ ವಿಭಾಗವನ್ನು ಬೆಳೆಸಿದರು. ಗಂಧದ ಮರದ ಪಾಠವೇ ಇಲ್ಲಿಯೂ ಕೆಲಸ ಮಾಡಿತು. ನಷ್ಟ ಕ್ರಮೇಣ ಇಳಿದು ಕಾರ್ಖಾನೆ ತನ್ನ ಕಾಲ ಮೇಲೆ ನಿಲ್ಲುವ ಸ್ಥಿತಿಗೆ ಬಂದಿತು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯ ಹಣವನ್ನು ಅವರು ಮುಂದೆ ಬೆಂಗಳೂರಿನಲ್ಲಿ ತರುಣರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಕೊಡಿಸಿದರು. 1943ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಗೆ ತಮ್ಮ ಹೆಸರನ್ನು ಇಡಗೊಡದೆ ಶ್ರೀ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಇಡಿಸಿದರು.

ಕಾರ್ಖಾನೆ ಉಳಿಯಿತು, ಕಾಡಿನ ಪ್ರಶ್ನೆ ಉಳಿದೇ ಇತ್ತು. ಕಡಿದ ಕಾಡು ಮತ್ತೆ ಚಿಗುರುತ್ತದೆ, ಸರದಿಯಂತೆ ಕಡಿದರೆ ಕಟ್ಟಿಗೆ ಎಂದೂ ಮುಗಿಯದು ಎಂಬುದು ಇದ್ದಿಲಿನ ಯೋಜನೆಯ ತಳಹದಿ. ಕಲ್ಲಿದ್ದಲಿನ ಗಣಿಗೆ ಈ ಗುಣವಿಲ್ಲ. ಆದರೆ ಮರಕ್ಕೆ ತನ್ನದೇ ಕಾಲವಿದೆ. ಕುಲುಮೆಯ ಹಸಿವು ಆ ಕಾಲಕ್ಕೆ ಕಾಯುವುದಿಲ್ಲ. ಹತ್ತಿರದ ಕಾಡು ಹಿಂದೆ ಸರಿದಂತೆ ಕಟ್ಟಿಗೆ ತರುವ ದಾರಿ ಉದ್ದವಾಗುತ್ತದೆ, ಖರ್ಚು ಬೆಳೆಯುತ್ತದೆ. ಶರಾವತಿಯ ಜೋಗದಲ್ಲಿ 1948ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದ ಮೇಲೆ, 1950ರ ದಶಕದಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಬಂದು, ಇದ್ದಿಲಿನ ಮೇಲಿನ ಅವಲಂಬನೆ ತಗ್ಗಿತು. ಮತ್ತೆ ಬೆಳೆಯುವ ವಸ್ತುವೆಂಬ ಮಾತ್ರಕ್ಕೆ ಯಾವುದೂ ಅಕ್ಷಯವಲ್ಲ. ಬೆಳೆಯುವ ವೇಗವನ್ನು ಬಳಸುವ ವೇಗ ಮೀರಬಾರದು. ಮಲೆನಾಡು ಈ ಮಾತನ್ನು ತನ್ನ ಮರಗಳನ್ನು ಕೊಟ್ಟು ಕಲಿಯಿತು.

ಇದ್ದಿಲು ಮತ್ತೊಂದು ರೂಪದಲ್ಲಿ ಜನರ ನೆನಪಿನಲ್ಲಿ ಉಳಿದಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ದುರ್ಲಭವಾದಾಗ ದೇಶದ ಅನೇಕ ಕಡೆ ಬಸ್ಸುಗಳ ಹಿಂಬದಿಗೆ ಇದ್ದಿಲಿನ ಒಲೆಯನ್ನು ಕಟ್ಟಿ, ಅದರಿಂದ ಹೊರಡುವ ಅನಿಲದಿಂದಲೇ ಎಂಜಿನ್ ನಡೆಸಿದರು. ಇದೇ ಕಾಲಕ್ಕೆ ಸಕ್ಕರೆ ಕಾರ್ಖಾನೆಗಳ ಕಾಕಂಬಿಯ ಕಡೆಗೂ ಎಲ್ಲರ ಗಮನ ಹರಿಯಿತು. ಕನ್ನಂಬಾಡಿಯ ನೀರು, ಇಂದು ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತಿರುವ ನಾಲೆಯ ಮೂಲಕ, ಮಂಡ್ಯದ ಬೆದ್ದಲನ್ನು ಕಬ್ಬಿನ ನಾಡಾಗಿಸಿತ್ತು. 1930ರ ದಶಕದ ಆರಂಭದಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಹುಟ್ಟಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಯೀಸ್ಟ್‌ನಿಂದ ಹುದುಗಿಸಿ ಬಟ್ಟಿ ಇಳಿಸಿದರೆ ದೊರೆಯುವ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸಲು ಅವಕಾಶ ಕೊಡುವ ಕಾನೂನನ್ನು ಭಾರತ ಸರ್ಕಾರ 1948ರಲ್ಲಿ ತಂದಿತು. ಇಂದು ಪೆಟ್ರೋಲ್ ಬಂಕುಗಳಲ್ಲಿ ಕಾಣುವ ಎಥೆನಾಲ್ ಬೆರೆತ ಇಂಧನಕ್ಕೆ ಇಷ್ಟು ಹಿಂದಿನ ಪೀಠಿಕೆಯಿದೆ.

ವಿಶ್ವೇಶ್ವರಯ್ಯನವರ ಉತ್ತರಾರ್ಧದ ಬಾಳು ಬರವಣಿಗೆಯಲ್ಲಿಯೂ ಸಮಿತಿಗಳಲ್ಲಿಯೂ ಸಾಗಿತು. 1920ರಲ್ಲಿ ಭಾರತದ ಪುನರ್ನಿರ್ಮಾಣವನ್ನು ಕುರಿತು, 1934ರಲ್ಲಿ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದರು. 1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಪ್ರಕಟಿಸಿದರು. 1927ರಿಂದ 1955ರವರೆಗೆ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರಾಗಿದ್ದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು. ಮರುವರ್ಷ ರಾಜ್ಯಗಳ ಪುನರ್ವಿಂಗಡಣೆಯಾಗಿ ಬೀದರ ಮೈಸೂರು ರಾಜ್ಯವನ್ನು ಸೇರಿತು. ಅದೇ ಜಿಲ್ಲೆಯ ಭಾಗವಾಗಿದ್ದ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು. ಗೆರೆ ಬಿದ್ದರೂ ಮನೆಮಾತು ಗೆರೆಯ ಈಚೆ ಆಚೆ ಹರಿಯುತ್ತಲೇ ಇತ್ತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷಗಳನ್ನು ದಾಟಿದ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ನಿಧನರಾದರು. ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು. ಭದ್ರಾವತಿಯ ಕಾರ್ಖಾನೆಗೆ 1970ರ ದಶಕದಲ್ಲಿ ಅವರ ಹೆಸರನ್ನಿಡಲಾಯಿತು.

ಅವರು ತೀರಿಕೊಂಡ ಮೇಲೆ ಜಗತ್ತು ಮತ್ತೆ ಕಟ್ಟಿಗೆಯತ್ತ, ಕಬ್ಬಿನತ್ತ, ಸೆಗಣಿಯತ್ತ ತಿರುಗಿ ನೋಡಿತು. 1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ, ಗಂಧದೆಣ್ಣೆಯ ಪ್ರಯೋಗ ನಡೆದಿದ್ದ ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು ಮತ್ತು ಸಂಗಡಿಗರು ಹಳ್ಳಿಗಳ ಒಲೆ, ಗೋಬರ್ ಅನಿಲಗಳ ಅಧ್ಯಯನಕ್ಕೆ ಇಳಿದರು. ಕಟ್ಟಿಗೆಯ ಮದ್ಯಸಾರವನ್ನು ಸೋಲಿಸಿದ ಜರ್ಮನಿಯ ಕ್ರಮವೇ ಈಗ ಕಟ್ಟಿಗೆಯ ನೆರವಿಗೆ ಬಂದಿದೆ. ಬೆಳೆಯ ಉಳಿಕೆಯನ್ನು ಅರೆಗಾಳಿಯಲ್ಲಿ ಕಾಯಿಸಿದರೆ ದೊರೆಯುವುದೂ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕಗಳೇ ಆದ್ದರಿಂದ, ಅದರಿಂದಲೂ ಮೀಥೈಲ್ ಆಲ್ಕೊಹಾಲ್ ತಯಾರಿಸಬಹುದು. ಒಂದು ಕಾಲದ ಸೋಲು ಮತ್ತೊಂದು ಕಾಲದಲ್ಲಿ ಬೇರೆ ದಾರಿಯಿಂದ ಕೈಗೂಡುವುದುಂಟು.

ಉಮರ್ಗಾ, ನಿಲಂಗಾ, ಉದಗೀರಗಳ ಕಪ್ಪುನೆಲದಲ್ಲಿ ತೊಗರಿಯ ರಾಶಿ ಮುಗಿದ ಮೇಲೆ ಕಟ್ಟಿಗೆ ಹೊರೆಹೊರೆಯಾಗಿ ಉಳಿಯುತ್ತದೆ. ಒಂದಿಷ್ಟು 'ತುರಾಟಿ' ಎನಿಸಿ ಮನೆಯ ಒಲೆಗೆ ಹೋಗುತ್ತದೆ, ಒಂದಿಷ್ಟು ಹೊಲದಲ್ಲಿಯೇ ಉರಿದು ಬೂದಿಯಾಗುತ್ತದೆ. ಅದಕ್ಕೆ ಪ್ರತ್ಯೇಕ ನೀರು ಬೇಕಿಲ್ಲ. ಬೇಳೆಗೆಂದು ಬೆಳೆದದ್ದರ ಉಳಿಕೆ ಅದು. ಇನ್ನೊಂದು ಕಡೆ, ಪೆಟ್ರೋಲಿಗೆ ಶೇಕಡ 20ರಷ್ಟು ಎಥೆನಾಲ್ ಬೆರೆಸುವ ಗುರಿಯ ಬೆನ್ನಲ್ಲಿ ಕಬ್ಬಿನ ಆಕರ್ಷಣೆ ಬೆಳೆಯಿತು. 2016ರ ಬೇಸಿಗೆಯಲ್ಲಿ ಲಾತೂರಿಗೆ ಕುಡಿಯುವ ನೀರನ್ನು ಮಿರಜಿನಿಂದ ರೈಲಿನಲ್ಲಿ ತರಬೇಕಾಯಿತು. ಆ ಜಿಲ್ಲೆಯ ಮಕ್ಕಳಿಗೆ ಬೆಳೆ ಕುಡಿಯುವ ನೀರಿನ ಲೆಕ್ಕವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನೀರಾ ಕಾಲುವೆಯ ದಂಡೆಯಲ್ಲಿ ಕಬ್ಬಿಗೆ ಸರದಿ ಗೊತ್ತುಮಾಡಿದ ಎಂಜಿನಿಯರನೂ, ಬೆಂಕಿಪುರದಲ್ಲಿ ಕಟ್ಟಿಗೆಯ ಹೊಗೆಯನ್ನು ಹಿಡಿಯಹೊರಟ ಅಧ್ಯಕ್ಷನೂ ಒಬ್ಬನೇ ವ್ಯಕ್ತಿ. ಒಂದು ಕೆಲಸದಲ್ಲಿ ನೀರಿನ ಮಿತಿಯನ್ನು ಅವರು ಮೊದಲೇ ಕಂಡಿದ್ದರು. ಇನ್ನೊಂದರಲ್ಲಿ ಕಾಡಿನ ಮಿತಿಯನ್ನು ಕಾಲ ತೋರಿಸಿಕೊಟ್ಟಿತು. ಹೊಲದ ಬದುವಿನಲ್ಲಿ ಒಟ್ಟಿರುವ ತೊಗರಿಕಟ್ಟಿಗೆಯಿಂದ ಏನು ಮಾಡಬಹುದೆಂದು ಯೋಚಿಸುವವರು ಆ ಎರಡು ಲೆಕ್ಕಗಳನ್ನೂ ಒಟ್ಟಿಗೆ ಇಟ್ಟುಕೊಂಡೇ ಕುಳಿತುಕೊಳ್ಳಬೇಕಾಗುತ್ತದೆ.